ನಂದಿಬೆಟ್ಟದ ಹಗಲುವೇಷಗಾರ್ತಿ

ಬೆಂಗಳೂರಿನಲ್ಲಿ ನೆಲೆಸಿದ ಸಂಸಾರಗಳಲ್ಲಿ ನಂದಿಬೆಟ್ಟವನ್ನು ಒಮ್ಮೆಯಾದರೂ ಏರದವರು ವಿರಳ. ನಗರದಿಂದ ಅದು ಸುಮಾರು 60 ಕಿಲೋಮೀಟರು ದೂರ. ನಸುಕಿನಲ್ಲಿಯೇ ಹೊರಟರೆ ಸೂರ್ಯೋದಯದ ವೇಳೆಗೆ ಬೆಟ್ಟವನ್ನು ತಲುಪಬಹುದು. ಬುತ್ತಿಯಲ್ಲಿ ಚಿತ್ರಾನ್ನ, ಮೊಸರನ್ನ. ಮಕ್ಕಳ ಮೈಮೇಲೆ ಉಣ್ಣೆಯ ಅಂಗಿ. ಕೋತಿಗಳ ಭಯದಿಂದ ಎದೆಗೊತ್ತಿ ಹಿಡಿದ ಕೈಚೀಲ—ಇಷ್ಟಿದ್ದರೆ ಪ್ರವಾಸಕ್ಕೆ ಬೇಕಾದ ಸಿದ್ಧತೆ ಮುಗಿಯಿತು. ಟಿಪ್ಪುವಿನ ಬೇಸಗೆಯ ಅರಮನೆ, ಅಪರಾಧಿಗಳನ್ನು ಅಲ್ಲಿಂದ ತಳ್ಳುತ್ತಿದ್ದರೆಂದು ಜನ ಹೇಳುವ ಕಡಿದಾದ ಬಂಡೆಯಂಚು, ಯೋಗನಂದೀಶ್ವರನ ಗುಡಿ, ಅಮೃತ ಸರೋವರ, 1927ರಲ್ಲಿ ಗಾಂಧೀಜಿಯವರು ಆರೋಗ್ಯ ಸುಧಾರಣೆಗಾಗಿ ಬಂದು ತಂಗಿದ್ದ ಬಂಗಲೆ—ಇವನ್ನೆಲ್ಲ ಸುತ್ತಿ, ಕೆಳಗಿನ ಊರಿನ ಭೋಗನಂದೀಶ್ವರನಿಗೂ ಕೈಮುಗಿದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದು ವಾಡಿಕೆ.

1,478 ಮೀಟರು ಎತ್ತರದ ಈ ಬೆಟ್ಟದ ಮೇಲೆ ಇನ್ನೊಂದು ನೋಟವುಂಟು. ಅದಕ್ಕೆ ಮಾರ್ಗದರ್ಶಿಗಳಿಲ್ಲ, ಕೈಕಂಬದ ಮೇಲೆ ಅದರ ಹೆಸರಿಲ್ಲ. ಮಳೆಗಾಲ ಹಿಂದೆ ಸರಿದು, ಗಿಡಗಂಟಿಗಳೆಲ್ಲ ಹೂವೇರಿ ನಿಂತ ಅಕ್ಟೋಬರ್ ತಿಂಗಳಿನಲ್ಲಿ, ಮಂಜು ಕರಗಿ ಬಿಸಿಲು ಕಾಯಿಸತೊಡಗಿದಾಗ, ಪೊದೆಗಳ ಮೇಲೆ ಆ ಆಟ ಆರಂಭವಾಗುತ್ತದೆ. ಹಳ್ಳಿಯ ಬೀದಿಗಳಲ್ಲಿ ಹಿಂದೆ ಹಗಲುವೇಷದವರು ಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಇಂದು ರಾಮ, ನಾಳೆ ರಾವಣ, ಮರುದಿನ ಪೊಲೀಸು ಜಮಾದಾರ! ವೇಷ ಎಷ್ಟು ಚೊಕ್ಕವಾಗಿರುತ್ತಿತ್ತೆಂದರೆ ಜಮಾದಾರನನ್ನು ಕಂಡು ನಿಜವಾಗಿಯೇ ಎದ್ದು ನಿಂತವರಿದ್ದರು. ನಂದಿಬೆಟ್ಟದ ಪೊದೆಗಳಲ್ಲಿಯೂ ಅಂತಹ ಒಬ್ಬ ವೇಷಗಾರ್ತಿ ಇದ್ದಾಳೆ. ಅವಳು ಒಂದು ಪಾತರಗಿತ್ತಿ. ಅವಳ ಸೋಗಿಗೆ ಮರುಳಾದವರಲ್ಲಿ ಹಕ್ಕಿಗಳೂ ಉಂಟು, ಪಂಡಿತರೂ ಉಂಟು. ಬೆಂಗಳೂರಿನ ಒಬ್ಬ ನಿವೃತ್ತ ವಿಜ್ಞಾನ ಉಪಾಧ್ಯಾಯರೂ ಉಂಟು.

ಹತ್ತು ಗಂಟೆಯ ಬಿಸಿಲು

ಆ ಉಪಾಧ್ಯಾಯರಿಗೆ ಛಾಯಾಗ್ರಹಣ ಹಳೆಯ ಹುಚ್ಚು. 1988ರಲ್ಲಿ, ಒಂದು ಸುರುಳಿಗೆ 36 ಚಿತ್ರಗಳ ಲೆಕ್ಕವಿದ್ದ ಕಾಲದಲ್ಲಿ, ಇದೇ ಬೆಟ್ಟದ ಮೇಲೆ ಅವರು ಒಂದು ಚಿಟ್ಟೆಯ ಚಿತ್ರ ತೆಗೆದಿದ್ದರು. ಕಾಡಿಗೆಯಂತಹ ಕಪ್ಪು ರೆಕ್ಕೆ. ಮುಂದಿನ ರೆಕ್ಕೆಯಲ್ಲಿ ಬಿಳಿಯ ಪಟ್ಟೆ. ಹಿಂದಿನ ರೆಕ್ಕೆಯಲ್ಲಿ ಕುಂಕುಮದ ಬೊಟ್ಟುಗಳನ್ನು ಸಾಲಾಗಿ ಇಟ್ಟಂತೆ ಕೆಂಪು ಚುಕ್ಕೆಗಳು. ಪುಸ್ತಕದ ಚಿತ್ರದೊಡನೆ ಹೋಲಿಸಿ, ಅದು ‘ಕ್ರಿಮ್ಸನ್ ರೋಸ್’ ಎಂದು ಅವರು ನಿಶ್ಚಯಿಸಿದರು. ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ, ತಮ್ಮ ಮುತ್ತಿನಂತಹ ಅಕ್ಷರಗಳಲ್ಲಿ ಹೆಸರು ಬರೆದು, ತಾವು ಕಲಿಸುತ್ತಿದ್ದ ಪಾಠಶಾಲೆಯ ಪ್ರಯೋಗಶಾಲೆಗೆ ಕೊಟ್ಟರು. ಅಂದಿನಿಂದ ಎಷ್ಟೋ ತರಗತಿಗಳ ಮಕ್ಕಳು ಅದನ್ನು ನೋಡಿ ಆ ಹೆಸರನ್ನು ಕಲಿತು ಹೋದರು.

ಮೂರು ದಶಕಗಳಿಗೂ ಮಿಕ್ಕಿ ಕಾಲ ಕಳೆದ ಮೇಲೆ, ಅವರು ಮತ್ತೊಮ್ಮೆ ಬೆಟ್ಟವನ್ನೇರಿದರು. ಜೊತೆಗೆ ಮಡದಿ, ಹನ್ನೆರಡು ವರ್ಷದ ಮೊಮ್ಮಗಳು. ಕೊರಳಿನಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ. ಬೆಳಗ್ಗೆ ಬೆಟ್ಟದ ನೆತ್ತಿಯೆಲ್ಲ ಮಂಜಿನಲ್ಲಿ ಮುಳುಗಿತ್ತು. ಚಿಟ್ಟೆಗಳಿಗೆ ಮೈ ಬಿಸಿಯಾಗದೆ ರೆಕ್ಕೆ ಬಾರದು. ಆದುದರಿಂದ ಬಿಸಿಲಿಗಾಗಿ ಕಾಯಬೇಕಾಯಿತು. ಕಾಯುವ ವೇಳೆಯಲ್ಲಿ ಬಂಡೆಯ ಪೊದೆಯೊಂದರಲ್ಲಿ ಹಳದಿ ಕೊರಳಿನ ಬುಲ್ಬುಲ್ ಕಾಣಿಸಿಕೊಂಡಿತು. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಬೇರೆಲ್ಲಿಯೂ ಕಾಣದ ಈ ಹಕ್ಕಿಯನ್ನು ನೋಡಲೆಂದೇ ದೂರದಿಂದ ಪಕ್ಷಿಪ್ರಿಯರು ಇಲ್ಲಿಗೆ ಬರುವುದುಂಟು.

ಹತ್ತು ಗಂಟೆಗೆ ಮಂಜು ಸೀಳಿತು. ಲಂಟಾನದ ಪೊದೆಗಳ ಮೇಲೆ ಒಂದಾದ ಮೇಲೊಂದು ರೆಕ್ಕೆಗಳು ತೆರೆದುಕೊಂಡವು. ಬಹಳ ಹೊತ್ತು ಕಾಯಬೇಕಾಗಲಿಲ್ಲ. ಕಪ್ಪು-ಕೆಂಪಿನ ಆ ಹಳೆಯ ಪರಿಚಯದ ಚಿಟ್ಟೆ ನಿಧಾನವಾಗಿ, ಯಾರ ಹಂಗೂ ಇಲ್ಲದಂತೆ, ತೇಲಿ ಬಂದು ಕುಳಿತಿತು. ಉಪಾಧ್ಯಾಯರು ಚಿತ್ರ ತೆಗೆದರು. ಹತ್ತು ಹೆಜ್ಜೆ ಆಚೆ ಅಂತಹುದೇ ಇನ್ನೊಂದು. ಅದನ್ನೂ ತೆಗೆದರು.

ಈ ಜಾತಿಯ ದೊಡ್ಡ ಚಿಟ್ಟೆಗಳ ಚಿತ್ರ ತೆಗೆಯುವುದು ಸುಲಭವಲ್ಲ. ಮಕರಂದ ಹೀರುವಾಗಲೂ ಇವು ರೆಕ್ಕೆಗಳನ್ನು ನಿಲ್ಲಿಸುವುದಿಲ್ಲ. ಮುಂದಿನ ರೆಕ್ಕೆಗಳು ನಡುಗುತ್ತಲೇ ಇರುತ್ತವೆ. ಕ್ಯಾಮೆರಾದ ಕಣ್ಣು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ವೇಗದಲ್ಲಿ ಮುಚ್ಚದಿದ್ದರೆ ರೆಕ್ಕೆಗಳು ಮಸುಕಾಗುತ್ತವೆ. ಎರಡನೆಯ ಚಿಟ್ಟೆಯ ಚಿತ್ರದಲ್ಲಿ ಹಾಗೆಯೇ ಆಯಿತು. ರೆಕ್ಕೆಗಳು ಹೊಗೆಯಂತೆ ಹರಡಿಕೊಂಡು, ನಡುವಿನ ಒಡಲೊಂದು ಮಾತ್ರ ಕೆತ್ತಿದಂತೆ ಸ್ಪಷ್ಟವಾಗಿ ನಿಂತಿತ್ತು. ಕೆಟ್ಟ ಚಿತ್ರವೆಂದು ಅಳಿಸಲು ಅವರು ಬೆರಳಿಟ್ಟಾಗ ಮೊಮ್ಮಗಳು ತಡೆದಳು.

“ತಾತ, ಇದರ ಹೊಟ್ಟೆ ಕಪ್ಪು. ಆಗ ತೆಗೆದದ್ದರ ಹೊಟ್ಟೆ ಕೆಂಪಗಿತ್ತು.”

“ನೆರಳು ಬಿದ್ದಿರಬೇಕಮ್ಮ.”

“ಬಿಸಿಲಿನಲ್ಲೇ ಕೂತಿತ್ತಲ್ಲ, ತಾತ?”

ಉಪಾಧ್ಯಾಯರು ಉತ್ತರಿಸಲಿಲ್ಲ. ಚಿತ್ರವನ್ನು ಅಳಿಸಲೂ ಇಲ್ಲ.

ಕೆಂಪು ಒಡಲು, ಕಪ್ಪು ಒಡಲು

ಅಂದು ರಾತ್ರಿ ಮನೆಯಲ್ಲಿ, ಪುಸ್ತಕಗಳನ್ನು ಹರಡಿಕೊಂಡು ಕುಳಿತಾಗ ಮೊಮ್ಮಗಳ ಮಾತು ನಿಜವಾಯಿತು. ಕ್ರಿಮ್ಸನ್ ರೋಸ್ ಚಿಟ್ಟೆಯ ತಲೆಯೂ ಹೊಟ್ಟೆಯೂ ಕಡುಗೆಂಪು. ಅದರ ಸೋಗು ಹಾಕುವ ಇನ್ನೊಂದು ಚಿಟ್ಟೆಯುಂಟು. ಅದು ‘ಕಾಮನ್ ಮಾರ್ಮನ್’ ಎಂಬುದರ ಹೆಣ್ಣು. ರೆಕ್ಕೆಯ ಬಿಳಿ ಪಟ್ಟೆ, ಕೆಂಪು ಚುಕ್ಕೆ, ಅವಸರವಿಲ್ಲದ ಹಾರಾಟ—ಎಲ್ಲವನ್ನೂ ಅದು ಎರವಲು ಪಡೆದಿದೆ. ಆದರೆ ಒಡಲು ಮಾತ್ರ ಕಪ್ಪಾಗಿಯೇ ಉಳಿದಿದೆ. ಬೆದರಿದಾಗ ನಿಧಾನದ ಸೋಗನ್ನು ಮರೆತು ಸರ್ರನೆ ಹಾರಿಹೋಗುವುದೂ ಉಂಟು.

ಈ ವೇಷದ ಅಗತ್ಯವೇನು? ಕ್ರಿಮ್ಸನ್ ರೋಸ್‌ನ ಮರಿಹುಳು ಈಶ್ವರಿ ಬಳ್ಳಿಯ ಎಲೆಗಳನ್ನು ತಿಂದು ಬೆಳೆಯುತ್ತದೆ. ಆ ಬಳ್ಳಿಯಲ್ಲಿ ಅರಿಸ್ಟೋಲೋಕಿಕ್ ಆಮ್ಲವೆಂಬ ವಿಷವಿದೆ. ಹುಳುವಿಗೆ ಅದರಿಂದ ಕೇಡಿಲ್ಲ. ಅದು ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಚಿಟ್ಟೆಯಾದ ಮೇಲೂ ಉಳಿಸಿಕೊಳ್ಳುತ್ತದೆ. ಒಮ್ಮೆ ಕಚ್ಚಿ ನೋಡಿದ ಹಕ್ಕಿ ಆ ಕಹಿಯನ್ನು ಮರೆಯದು. ಕಪ್ಪು-ಕೆಂಪಿನ ಆ ಬಣ್ಣವನ್ನೂ ಮರೆಯದು. ಆದುದರಿಂದಲೇ ಈ ಚಿಟ್ಟೆ ಅಷ್ಟು ನಿರ್ಭಯವಾಗಿ, ಮೆರವಣಿಗೆ ಹೊರಟಂತೆ ಹಾರುವುದು. ಮಾರ್ಮನ್ ಚಿಟ್ಟೆಯ ಮೈಯಲ್ಲಿ ಈ ಬಗೆಯ ವಿಷವಿಲ್ಲ. ಹಕ್ಕಿಗೆ ಅದು ಒಳ್ಳೆಯ ತುತ್ತು. ವಿಷವುಳ್ಳವರ ಉಡುಗೆ ತೊಟ್ಟು ಬದುಕಿಕೊಳ್ಳುವುದೇ ಅದರ ಉಪಾಯ.

ಗಂಡು ಚಿಟ್ಟೆ ಈ ವೇಷ ಹಾಕುವುದಿಲ್ಲ. ಅದು ಕಪ್ಪು ಮೈಗೆ ಬಿಳಿ ಚುಕ್ಕೆಗಳ ಒಂದು ಸಾಲಿಟ್ಟುಕೊಂಡು ಸರಳವಾಗಿ ಇರುತ್ತದೆ. ಹೆಣ್ಣುಗಳಲ್ಲಿ ಮಾತ್ರ ನಮ್ಮ ಸೀಮೆಯಲ್ಲಿ ಮೂರು ಬಗೆ. ಒಂದು ಗಂಡಿನಂತೆಯೇ ಕಾಣುತ್ತದೆ. ಒಂದು ‘ಕಾಮನ್ ರೋಸ್’ ಎಂಬ ಮತ್ತೊಂದು ವಿಷದ ಚಿಟ್ಟೆಯ ಸೋಗು ಹಾಕುತ್ತದೆ. ಮೂರನೆಯದು ಕ್ರಿಮ್ಸನ್ ರೋಸ್‌ನ ಸೋಗು. ಒಂದೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ವೇಷದ ಹೆಣ್ಣುಮಕ್ಕಳು ಹುಟ್ಟಬಹುದು! ಒಂದು ಕಾಲದಲ್ಲಿ ಬಹುಪತ್ನೀತ್ವಕ್ಕೆ ಹೆಸರಾಗಿದ್ದ ಅಮೆರಿಕದ ಮಾರ್ಮನ್ ಪಂಥದ ಹೆಸರನ್ನು ಇಂಗ್ಲಿಷರು ಈ ಚಿಟ್ಟೆಗೆ ಇಟ್ಟುದು, ಒಂದು ಗಂಡಿಗೆ ಹಲವು ಬಗೆಯ ಹೆಂಡಿರನ್ನು ಕಂಡೇ.

ಮೂರು ಹೆಸರಿನ ಒಂದು ಜೀವ

ಉಪಾಧ್ಯಾಯರಿಗೆ ಆದ ಮೋಸ ಅವರೊಬ್ಬರಿಗೇ ಆದುದಲ್ಲ. ಸಸ್ಯ, ಪ್ರಾಣಿಗಳಿಗೆಲ್ಲ ಶಾಸ್ತ್ರೀಯ ನಾಮಕರಣದ ಕ್ರಮವನ್ನು ಹಾಕಿಕೊಟ್ಟ ಸ್ವೀಡನ್ ದೇಶದ ಲಿನೇಯಸ್ ಮಹಾಶಯನೇ ಈ ಚಿಟ್ಟೆಯ ಮುಂದೆ ಸೋತನು. 1758ರಲ್ಲಿ ಅವನು ಇದರ ಗಂಡಿಗೆ ‘ಪಾಮನ್’ ಎಂದೂ ಹೆಣ್ಣಿಗೆ ‘ಪಾಲಿಟೀಸ್’ ಎಂದೂ ಹೆಸರಿಟ್ಟು, ಎರಡೂ ಬೇರೆ ಬೇರೆ ಜಾತಿಗಳೆಂದು ಬರೆದನು. ಕೆಲವು ವರ್ಷಗಳ ಮೇಲೆ ಹಾಲೆಂಡಿನ ಕ್ರಾಮರ್ ಎಂಬವನು ಮತ್ತೊಂದು ವೇಷದ ಹೆಣ್ಣನ್ನು ಕಂಡು ‘ರೋಮ್ಯುಲಸ್’ ಎಂದು ಮೂರನೆಯ ಹೆಸರು ಕೊಟ್ಟನು. ಹೀಗೆ ಒಂದೇ ಜೀವ ಮೂರು ಹೆಸರುಗಳಲ್ಲಿ ಪುಸ್ತಕ ಸೇರಿತು. ಲಿನೇಯಸ್ ಕ್ರಿಮ್ಸನ್ ರೋಸ್‌ಗೆ ‘ಹೆಕ್ಟರ್’ ಎಂದು ಹೆಸರಿಟ್ಟಿದ್ದನು. ಗ್ರೀಕರ ಪುರಾಣದಲ್ಲಿ ಹೆಕ್ಟರನೂ ಪಾಲಿಟೀಸನೂ ಟ್ರಾಯ್ ನಗರದ ಅರಸನ ಮಕ್ಕಳು, ಅಣ್ಣತಮ್ಮಂದಿರು. ಗುಟ್ಟು ತಿಳಿಯದೆಯೇ ಅವನು ಅಸಲಿಗೂ ನಕಲಿಗೂ ಒಂದೇ ಮನೆಯ ಹೆಸರುಗಳನ್ನು ಕೊಟ್ಟಂತಾಯಿತು!

ಗುಟ್ಟು ಹೊರಬಿದ್ದುದು ನೂರು ವರ್ಷಗಳ ಮೇಲೆ. ಅಮೆಜಾನ್ ಕಾಡುಗಳಲ್ಲಿ 1848ರಿಂದ 1859ರವರೆಗೆ ಅಲೆದ ಹೆನ್ರಿ ಬೇಟ್ಸ್, ವಿಷವಿಲ್ಲದ ಚಿಟ್ಟೆಗಳು ವಿಷವುಳ್ಳವುಗಳ ಸೋಗು ಹಾಕಿ ಬದುಕುತ್ತವೆಂದು 1862ರಲ್ಲಿ ಮೊದಲು ವಿವರಿಸಿದನು. ಅವನ ಗೆಳೆಯ, ಮಲಯ ದ್ವೀಪಗಳಲ್ಲಿ ಎಂಟು ವರ್ಷ ಸಂಚರಿಸಿದ ಆಲ್ಫ್ರೆಡ್ ರಸೆಲ್ ವಾಲೇಸ್, ಮಾರ್ಮನ್ ಚಿಟ್ಟೆಯ ಈ ಭಿನ್ನ ರೂಪಗಳೆಲ್ಲ ಒಂದೇ ಜಾತಿಯ ಹೆಣ್ಣುಗಳೆಂದು 1865ರಲ್ಲಿ ತೋರಿಸಿಕೊಟ್ಟನು. ಮುಂದೆ 20ನೆಯ ಶತಮಾನದ ಎರಡನೆಯ ದಶಕದಲ್ಲಿ ಸಿಂಹಳದಲ್ಲಿ ಫ್ರೈಯರ್ ಎಂಬ ಕೀಟಶಾಸ್ತ್ರಜ್ಞ ಈ ಚಿಟ್ಟೆಗಳನ್ನು ಪೀಳಿಗೆಯಿಂದ ಪೀಳಿಗೆಗೆ ಸಾಕಿ, ವೇಷವು ತಾಯಿತಂದೆಯರಿಂದ ಮಕ್ಕಳಿಗೆ ಸಾಗುವ ಬಗೆಯನ್ನು ಪರೀಕ್ಷಿಸಿದನು.

ಕಥೆಯ ಕೊನೆಯ ಕೊಂಡಿ ಬೆಂಗಳೂರಿನವರಿಗೆ ಅಭಿಮಾನ ತರುವಂತಹುದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ್ ಕುಂಟೆಯವರೂ ಅಮೆರಿಕದ ವಿಜ್ಞಾನಿಗಳೂ ಸೇರಿ 2014ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಈ ವೇಷಾಂತರದ ಬೀಗದ ಕೈ ಸಿಕ್ಕಿತು. ಕೀಟಗಳಲ್ಲಿ ಗಂಡು-ಹೆಣ್ಣುಗಳ ಲಕ್ಷಣಗಳನ್ನು ರೂಪಿಸುವ ‘ಡಬಲ್‌ಸೆಕ್ಸ್’ ಎಂಬ ಒಂದೇ ಒಂದು ಜೀನು ಇಡೀ ಉಡುಗೆಯನ್ನು ನಿರ್ಧರಿಸುತ್ತದೆ. ಪಟ್ಟೆಗೊಂದು, ಚುಕ್ಕೆಗೊಂದು ಎಂದು ಹಲವು ಜೀನುಗಳು ಬೇಕಾಗಿಲ್ಲ. ಒಂದು ಗುಂಡಿ ಒತ್ತಿದರೆ ಇಡೀ ಬೀದಿಯ ದೀಪಗಳು ಹತ್ತಿಕೊಂಡಂತೆ.

ಈಶ್ವರಿ ಬಳ್ಳಿ

ಮುಂದಿನ ಭಾನುವಾರ ಉಪಾಧ್ಯಾಯರು ಮತ್ತೆ ನಂದಿಗೆ ಹೋದರು. ಈ ಸಲ ಅವರು ನೆತ್ತಿಗೆ ಏರದೆ ತಪ್ಪಲಿನಲ್ಲಿಯೇ ಹೊಲಗಳ ಬೇಲಿಗಳನ್ನು ನೋಡುತ್ತ ನಡೆದರು. ಅಸಲಿ ಚಿಟ್ಟೆಯ ತವರುಮನೆಯಾದ ಬಳ್ಳಿಯನ್ನು ಮೊಮ್ಮಗಳಿಗೆ ತೋರಿಸಬೇಕೆಂಬುದು ಅವರ ಆಸೆ. ಒಂದು ದ್ರಾಕ್ಷಿತೋಟದ ಬೇಲಿಯ ಬಳಿ ಕುರಿ ಕಾಯುತ್ತಿದ್ದ ಮುದುಕರೊಬ್ಬರನ್ನು ವಿಚಾರಿಸಿದರು.

“ಈಶ್ವರಿ ಬಳ್ಳಿನಾ ಸ್ವಾಮಿ? ಮೊದ್ಲು ಈ ಬೇಲಿ ತುಂಬ ಅದೇ ಇರ್ತಿತ್ತು. ಹಾವು ಕಚ್ಚಿದ್ರೆ ಬೇರು ಅರೆದು ಕೊಡೋರು. ಈಗ ಬೇಲಿನೇ ಇಲ್ಲ, ಎಲ್ಲ ತಂತಿ. ಅಗೋ, ಆ ಹೊಂಗೆ ಮರದ ಬುಡದಲ್ಲಿ ಒಂದು ಉಳಿದೈತೆ ನೋಡಿ.”

ಹೊಂಗೆಯ ಬುಡದಲ್ಲಿ ಅದು ಇತ್ತು: ನೀಳವಾದ ಎಲೆಗಳು, ಕೊಳವೆಯಾಕಾರದ ಪುಟ್ಟ ಹೂಗಳು. ಎಲೆಯ ಅಡಿಯಲ್ಲಿ ಕರಿಗೆಂಪು ಬಣ್ಣದ, ಮೈತುಂಬ ಮೃದುವಾದ ಮುಳ್ಳುಗಳಂತಹ ಉಬ್ಬುಗಳುಳ್ಳ ಎರಡು ಹುಳುಗಳು ಮೇಯುತ್ತಿದ್ದವು. ಆ ಬಳ್ಳಿಯ ವಿಷ ಮನುಷ್ಯರ ಮೂತ್ರಪಿಂಡಗಳಿಗೂ ಕೇಡು ಮಾಡುವುದೆಂದು ಇಂದು ಸಿದ್ಧವಾಗಿದೆ. ಆದುದರಿಂದ ಔಷಧಿಯೆಂದು ಅದನ್ನು ಸೇವಿಸುವುದು ತರವಲ್ಲ. ಹಾವು ಕಚ್ಚಿದವರನ್ನು ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಆದರೆ ಚಿಟ್ಟೆಗೆ ಅದೇ ಅನ್ನ, ಅದೇ ಆಯುಧ.

ಆ ಒಂಟಿ ಬಳ್ಳಿಯ ಮುಂದೆ ಉಪಾಧ್ಯಾಯರು ಬಹಳ ಹೊತ್ತು ನಿಂತರು. ಬೇಲಿ ಹೋದರೆ ಬಳ್ಳಿ ಹೋಯಿತು. ಬಳ್ಳಿ ಹೋದರೆ ಅಸಲಿ ಚಿಟ್ಟೆ ಹೋಯಿತು. ಕಹಿಯ ಪಾಠ ಕಲಿಸುವವರೇ ಇಲ್ಲವಾದ ಮೇಲೆ ಮರಿಹಕ್ಕಿಗಳು ಕಪ್ಪು-ಕೆಂಪು ಬಣ್ಣಕ್ಕೆ ಏಕೆ ಅಂಜಬೇಕು? ಆಗ ವೇಷಗಾರ್ತಿಯ ಗತಿಯೇನು? ವೇಷಗಾರ್ತಿಯರ ಸಂಖ್ಯೆ ಮಿತಿಮೀರಿದರೂ ಹಾಗೆಯೇ. ಹಕ್ಕಿಗೆ ಕಹಿಗಿಂತ ಸಿಹಿಯೇ ಹೆಚ್ಚಾಗಿ ದೊರೆತರೆ ಸೋಗಿನ ಮಾನ ಉಳಿಯದು. ನಿಜ ಸಾಕಷ್ಟು ಇದ್ದರೆ ಮಾತ್ರ ನಕಲಿಗೆ ಬೆಲೆ. ಗಂಡಿನಂತೆಯೇ ಇರುವ ಹೆಣ್ಣುಗಳು ಇಂದಿಗೂ ಅಳಿಯದೆ ಉಳಿದಿರುವುದಕ್ಕೆ ಇದೂ ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ.

ಕರಿಬೇವಿನ ಕುಂಡ

ಇನ್ನು ಉಳಿದದ್ದು 1988ರ ಚಿತ್ರ. ಮನೆಯಲ್ಲಿದ್ದ ಅದರ ಚಿಕ್ಕ ಪ್ರತಿಯನ್ನು ಭೂತಕನ್ನಡಿಯ ಕೆಳಗೆ ಹಿಡಿದಾಗ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಒಡಲು ಕಪ್ಪು. ಮೂರು ದಶಕಗಳಿಂದ ಅದು ಎಲ್ಲರ ಕಣ್ಣೆದುರಿಗೇ ಇತ್ತು. ರೆಕ್ಕೆಯ ಬೆಡಗಿಗೆ ಮರುಳಾಗಿ ಯಾರೂ ಒಡಲನ್ನು ನೋಡಿರಲಿಲ್ಲ.

ಉಪಾಧ್ಯಾಯರು ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಪಾಠಶಾಲೆಗೆ ಹೋಗಿ ಹೇಳುವುದೋ, ಸುಮ್ಮನಿರುವುದೋ? ಹೇಳದಿದ್ದರೆ ತಿಳಿಯುವವರು ಯಾರು? ಹೇಳಿದರೆ, ‘ಮೇಷ್ಟ್ರು ತಪ್ಪು ಹೇಳುವುದಿಲ್ಲ’ ಎಂದು ನಂಬಿದ ಅಷ್ಟು ಮಂದಿ ಶಿಷ್ಯರ ಮುಂದೆ ತಲೆ ತಗ್ಗಿಸಬೇಕು. ಇನ್ನೊಂದು ಸಣ್ಣ ಆಸೆಯೂ ಅವರ ಮನಸ್ಸಿನಲ್ಲಿ ಸುಳಿಯಿತು: ಕಪ್ಪು ಒಡಲಿನ ಕ್ರಿಮ್ಸನ್ ರೋಸ್ ಎಲ್ಲಿಯಾದರೂ ಇರಬಾರದೆ?

ಆ ಆಸೆಗೆ ಉತ್ತರ ಕೊಟ್ಟುದು ಮನೆಯ ಮಹಡಿಯ ಮೇಲಿನ ಕರಿಬೇವಿನ ಕುಂಡ. ವಾರದೊಳಗೆ ಒಂದು ಮಧ್ಯಾಹ್ನ, ಬಟ್ಟೆ ತೆಗೆಯಲು ಹೋಗಿದ್ದ ಅಜ್ಜಿ ಮೊಮ್ಮಗಳನ್ನು ಕೂಗಿ ಕರೆದರು. ಕಪ್ಪು-ಕೆಂಪಿನ ಚಿಟ್ಟೆಯೊಂದು ಕರಿಬೇವಿನ ಎಳೆಯ ಚಿಗುರಿನ ಮೇಲೆ ಹೊಟ್ಟೆ ಬಾಗಿಸಿ, ಒಂದೊಂದಾಗಿ ಮೊಟ್ಟೆಯಿಡುತ್ತಿತ್ತು. ಕ್ರಿಮ್ಸನ್ ರೋಸ್ ಕರಿಬೇವಿಗೆ ಮೊಟ್ಟೆಯಿಡುವುದಿಲ್ಲ. ಅದರ ಮರಿಗಳಿಗೆ ಈಶ್ವರಿ ಬಳ್ಳಿಯ ಜಾತಿಯೇ ಆಗಬೇಕು. ಕರಿಬೇವು, ನಿಂಬೆ, ಬಿಲ್ವಗಳ ಬಳಗವನ್ನು ಅರಸಿ ಬರುವುದು ಮಾರ್ಮನ್ ಚಿಟ್ಟೆ. ಲೋಕಕ್ಕೆಲ್ಲ ವೇಷ ತೋರಿಸಿದರೂ, ಮಕ್ಕಳ ಅನ್ನದ ವಿಷಯದಲ್ಲಿ ತಾಯಿಗೆ ವೇಷ ನಡೆಯದು.

“ಹುಳ ಬಂದರೆ ಒಗ್ಗರಣೆಗೆ ಒಂದು ಎಸಳೂ ಉಳಿಯೋಲ್ಲ,” ಎಂದು ಅಜ್ಜಿ ಗೊಣಗಿದರು. ಆದರೂ ಅಂದಿನಿಂದ ಮಾರುಕಟ್ಟೆಯಿಂದ ಕರಿಬೇವು ತರಿಸಿದರು.

ಮೂರು ಮೊಟ್ಟೆಗಳು ದೊರೆತವು. ನಾಲ್ಕನೆಯ ದಿನ ಮರಿಗಳು ಹೊರಬಂದವು. ಮೊದಲು ಅವು ಹಕ್ಕಿಯ ಹಿಕ್ಕೆಯಂತೆ ಕಾಣುತ್ತಿದ್ದವು. ಅದೂ ಒಂದು ಸೋಗೇ! ಪೊರೆ ಕಳಚಿ ಕಳಚಿ ಬೆಳೆದು, ಕೊನೆಗೆ ಎಲೆಹಸುರಿನ ದಪ್ಪ ಹುಳುಗಳಾದವು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬನ್ನು ಚಾಚಿ ಘಾಟು ವಾಸನೆ ಬಿಡುತ್ತಿದ್ದವು. ಒಂದು ಹುಳು ಒಂದು ಬೆಳಗ್ಗೆ ಕಾಣೆಯಾಯಿತು. ಯಾವ ಹಕ್ಕಿಯ ಪಾಲಾಯಿತೋ! ಉಳಿದೆರಡು, ರೇಷ್ಮೆಯ ನೂಲಿನಿಂದ ನಡುವಿಗೆ ಪಟ್ಟಿ ಕಟ್ಟಿಕೊಂಡು ಕಡ್ಡಿಗೆ ಒರಗಿ ಕೋಶವಾದವು.

ಹನ್ನೊಂದನೆಯ ದಿನ ಬೆಳಗ್ಗೆ ಮೊದಲ ಕೋಶ ಬಿರಿಯಿತು. ಹೊರಬಂದದ್ದು ಗಂಡು: ಕಪ್ಪು ಮೈ, ಬಿಳಿ ಚುಕ್ಕೆಗಳ ಸಾಲು. ಮರುದಿನ ಎರಡನೆಯದು. ಮುದುಡಿದ ಒದ್ದೆ ರೆಕ್ಕೆಗಳು ಮೆಲ್ಲಮೆಲ್ಲನೆ ಹಿಗ್ಗಿದವು. ಬಿಳಿಯ ಪಟ್ಟೆ ಕಂಡಿತು, ಕುಂಕುಮದ ಬೊಟ್ಟುಗಳು ಒಂದೊಂದಾಗಿ ಅರಳಿದವು. ನಡುವೆ ಕಪ್ಪು ಒಡಲು. ತಾತ, ಅಜ್ಜಿ, ಮೊಮ್ಮಗಳು ಮೂವರೂ ಮಾತಿಲ್ಲದೆ ನೋಡಿದರು. ರೆಕ್ಕೆ ಒಣಗುವವರೆಗೆ ಅದು ಮೊಮ್ಮಗಳ ಬೆರಳಿನ ಮೇಲೆಯೇ ಕುಳಿತಿದ್ದು, ಬಿಸಿಲು ತಾಗಿದೊಡನೆ ಹಾರಿಹೋಯಿತು. ಹಾರಿದ ಬಗೆ ನಿಧಾನ, ನಿರ್ಭಯ. ಮೈಯಲ್ಲಿ ಮಣಗಟ್ಟಲೆ ವಿಷವಿರುವಂತೆ!

“ಶಾಲೆಗೆ ಹೋಗಿ ಬರುತ್ತೀರಾ?” ಎಂದು ಅಜ್ಜಿ ಕೇಳಿದರು.

“ಇಷ್ಟು ವರ್ಷ ಆದ ಮೇಲೆ…”

“ಮಕ್ಕಳ ತಪ್ಪಿಗೆಲ್ಲ ಕೆಂಪು ಶಾಯಿ ಹಾಕುತ್ತಿದ್ದಿರಲ್ಲ. ಆ ಶಾಯಿ ಎಲ್ಲ ಮುಗಿದುಹೋಯಿತೆ?”

ಉಪಾಧ್ಯಾಯರು ನಕ್ಕರು. ಬಹಳ ದಿನಗಳ ಮೇಲೆ ಅವರು ನಕ್ಕದ್ದು ಅಂದೇ.

ಪ್ರಯೋಗಶಾಲೆಯಲ್ಲಿ ಆ ಚಿತ್ರ ಹಳೆಯ ಜಾಗದಲ್ಲಿಯೇ ಇತ್ತು. ಮುಖ್ಯೋಪಾಧ್ಯಾಯಿನಿಯವರು ಹೊಸ ಚೀಟಿ ಬರೆದು ಅಂಟಿಸಬಹುದೆಂದು ಸೂಚಿಸಿದರು. ಉಪಾಧ್ಯಾಯರು ಒಪ್ಪಲಿಲ್ಲ. ಹಳೆಯ ಹೆಸರಿನ ಮೇಲೆ ತಾವೇ ಕೆಂಪು ಶಾಯಿಯಿಂದ ಒಂದು ಗೆರೆ ಎಳೆದರು. ಹಳೆಯ ಹೆಸರು ಓದಲು ಬರುವಷ್ಟು ತೆಳುವಾದ ಗೆರೆ. ಅದರ ಕೆಳಗೆ ಬರೆದರು: ‘ಕಾಮನ್ ಮಾರ್ಮನ್, ಹೆಣ್ಣು. ಒಡಲು ಕಪ್ಪು ಎಂಬುದನ್ನು ಗಮನಿಸಿ.’ ಅಲ್ಲಿ ನೆರೆದಿದ್ದ ಮಕ್ಕಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಚಿತ್ರದ ಹತ್ತಿರಕ್ಕೆ ಬಂದು ಒಡಲನ್ನು ನೋಡತೊಡಗಿದರು.

ನಂದಿಬೆಟ್ಟಕ್ಕೆ ಹೋಗುವ ಓದುಗರು ಈ ಸಲ ಸೂರ್ಯೋದಯ ನೋಡಿ ಒಡನೆಯೇ ಮರಳದಿರಲಿ. ಹತ್ತು ಗಂಟೆಯ ಬಿಸಿಲಿನವರೆಗೆ ಕಾದು, ಲಂಟಾನದ ಪೊದೆಯ ಮುಂದೆ ನಿಶ್ಶಬ್ದವಾಗಿ ನಿಂತರೆ ಸಾಕು. ವೇಷಗಾರ್ತಿ ತಾನಾಗಿಯೇ ಬರುತ್ತಾಳೆ. ಅವಳನ್ನು ಹಿಡಿಯಬೇಕಾಗಿಲ್ಲ; ಕಣ್ಣಿದ್ದರೆ ಸಾಕು. ಕ್ಯಾಮೆರಾ ಇದ್ದವರು ರೆಕ್ಕೆ ಮಸುಕಾದ ಚಿತ್ರವನ್ನು ಅವಸರದಿಂದ ಅಳಿಸದಿರಲಿ. ಜೊತೆಯಲ್ಲಿ ಮಗುವೊಂದಿದ್ದರೆ ಅದರ ಮಾತನ್ನು ಒಮ್ಮೆ ಕೇಳಲಿ.